ಬಸವಣ್ಣೆಪ್ಪನ ಗಲ್ಲು ತಪ್ಪಿದ ಬಗೆ

ಸವಣೂರಿನ ವಾಚನಾಲಯದ ಯಾವ ಪುಸ್ತಕವೇ ಆಗಲಿ, ಬಸವಣ್ಣೆಪ್ಪನ ಮನೆಗೆ ಹೋಗಿ ಬಂದಿತೆಂದರೆ ಅದಕ್ಕೆ ವೀಳ್ಯದೆಲೆಯ ವಾಸನೆ ಹತ್ತಿರುತ್ತಿತ್ತು. ವಾಚನಾಲಯ ನೋಡಿಕೊಳ್ಳುತ್ತಿದ್ದ ನಿಯಾಜನಿಗೆ ಇದು ಅನುಕೂಲವೇ ಆಗಿತ್ತು. ಕಪಾಟಿನಲ್ಲಿ ಪುಸ್ತಕ ಹುಡುಕುವಾಗ ಮೂಗು ಮುಂದೆ ಮಾಡಿ ಹೋಗುತ್ತಿದ್ದ. ವಾಸನೆ ಬಂದದ್ದನ್ನು ಬದಿಗೆ ಸರಿಸಿ, ಬಾರದ್ದನ್ನು ಎತ್ತಿ, "ಇದು ನಿಮ್ಮದು ಓದೂದು ಆಗಿಲ್ಲ, ತಗೋರಿ" ಎಂದು ಬಸವಣ್ಣೆಪ್ಪನ ಕೈಗೆ ಕೊಡುತ್ತಿದ್ದ.

ಆಗ ನಮ್ಮ ಭಾಗ ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಬಹಳ ದಿನ ಆಗಿರಲಿಲ್ಲ. ಊರಿಗೊಂದು ವಾಚನಾಲಯ ಬೇಕು ಎಂದು ಸರಕಾರ ಹೇಳಿತು. ಊರು ಒಂದು ಖೋಲಿ ಕೊಟ್ಟಿತು, ಕೂಡಲು ಬಾಕು ಕೊಟ್ಟಿತು, ಗೋಡೆಯ ಮೇಲೆ "ಉಗುಳಬಾರದು" ಎಂದು ಬರೆಸಿತು. ಪುಸ್ತಕ ಮಾತ್ರ ಇರಲಿಲ್ಲ. ಅಷ್ಟರಲ್ಲಿ ಯಲವಿಗಿ ಸ್ಟೇಶನ್ ಮಾಸ್ತರರಿಗೆ ಬದಲಿಯಾಯಿತು. ಗಾಡಿಯಿಂದ ಗಾಡಿಗೆ ನಡುವೆ ಹೊತ್ತು ಕಳೆಯಲು ಅವರು ಓದಿಟ್ಟಿದ್ದ ಒಂದು ಟ್ರಂಕು ತುಂಬ ಪುಸ್ತಕಗಳನ್ನು ವಾಚನಾಲಯಕ್ಕೆ ದಾನ ಮಾಡಿ ಹೋದರು. ತೆರೆದು ನೋಡಿದರೆ ಎಲ್ಲವೂ ಪತ್ತೇದಾರಿ, ಎಲ್ಲವೂ ದೆವ್ವ, ಎಲ್ಲವೂ ಕೊಲೆ. ಹೀಗಾಗಿ ಸವಣೂರಿನ ಮಂದಿ ಜ್ಞಾನಾರ್ಜನೆಗೆಂದು ಬಂದು ಮೊದಲ ದಿನವೇ ಹೆಣದ ಮುಂದೆ ನಿಂತರು.

ಪುಸ್ತಕಗಳ ಹೆಸರನ್ನು ಯಾರೂ ನೆನಪಿಡುತ್ತಿರಲಿಲ್ಲ. ಮುಖಪುಟದ ಚಿತ್ರವೇ ಹೆಸರು. ಬೆಕ್ಕಿನ ಪುಸ್ತಕ, ಮುರುಕು ಕಿಟಕಿಯ ಪುಸ್ತಕ, ಕೆಂಪು ಸೀರೆಯ ಪುಸ್ತಕ.

ಬಸವಣ್ಣೆಪ್ಪ ಎಲೆ ವ್ಯಾಪಾರದವನು. ಊರ ಹೊರಗೆ ಅವನದೊಂದು ಎಲೆಬಳ್ಳಿಯ ತೋಟ. ಬೆಳಿಗ್ಗೆ ಕೊಯ್ದ ಎಲೆಯನ್ನು ಮಧ್ಯಾಹ್ನ ಅವನೂ ಹೆಂಡತಿ ಹೊನ್ನವ್ವನೂ ಪಡಸಾಲೆಯಲ್ಲಿ ಕುಳಿತು ಆರಿಸಿ, ಒರೆಸಿ, ಎಣಿಸಿ ಕವಳಿಯ ಕಟ್ಟು ಕಟ್ಟಿ ಹೆಡಗೆಗೆ ತುಂಬುವರು. ಸಂಜೆಗೆ ಖಲಂದರನ ಟಾಂಗಾ ಬಂದು ಹೆಡಗೆಗಳನ್ನು ಯಲವಿಗಿ ಸ್ಟೇಶನ್ನಿಗೆ ಒಯ್ಯುವುದು. ಮಕ್ಕಳಿಲ್ಲದ ಮನೆ. ಮೊದಲು ಆ ಪಡಸಾಲೆಯಲ್ಲಿ "ಇದು ಕೊಳತದ" "ಎಲ್ಲಿ ಕೊಳತದ" ಎಂಬೆರಡು ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಹೊನ್ನವ್ವ ತವರಿನಲ್ಲಿ ನಾಲ್ಕನೇ ಇಯತ್ತೆ ಮುಗಿಸಿದವಳು. ಬೆಲ್ಲ ಕಟ್ಟಿಕೊಂಡು ಬಂದ ಕಾಗದವನ್ನು ಸಹ ಓದದೆ ಚೆಲ್ಲುತ್ತಿರಲಿಲ್ಲ. ಒಂದು ದಿನ, "ವಾಚನಾಲಯ ಆಗೇತೆಂತಲ್ಲ, ಒಂದು ಪುಸ್ತಕ ತರ್ರಿ. ಓದತೇನಿ, ನೀವು ಕೇಳ್ರಿ" ಎಂದಳು.

ಬಸವಣ್ಣೆಪ್ಪ ತರಲು ಹೋದ. ನಿಯಾಜ ಏನೂ ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. "ಯಾರು ಓದವರ್ರಿ?" ಎಂದ, ಅಷ್ಟೆ. ಆದರೆ ಆ ಹೊತ್ತಿಗೆ ಅಲ್ಲಿ ವಾಚನಾಲಯದ ಅಧ್ಯಕ್ಷ, ಕಾಳಿನ ವ್ಯಾಪಾರಿ ಶಿದ್ಲಿಂಗಪ್ಪ ಕಾಲ ಮೇಲೆ ಕಾಲು ಹಾಕಿಕೊಂಡು ಕುಳಿತಿದ್ದ. ಅವನ ಮುಂದೆ ಹೆಂಡತಿ ಓದುತ್ತಾಳೆ ಎನ್ನುವುದು ಹೇಗೆ? ಬಸವಣ್ಣೆಪ್ಪನ ಬಾಯಿಂದ, "ಮತ್ಯಾರು? ನಾನ" ಎಂಬ ಮಾತು ಬಂದು ಬಿಟ್ಟಿತು. ಬಂದ ಮಾತಿಗೆ ಒಂದು ವೇಷವೂ ಬೇಕಾಯಿತು. ಮರುದಿನದಿಂದ ತೀರಿಹೋದ ಅಪ್ಪನ ಕನ್ನಡಕವನ್ನು, ಒಂದು ಕಡೆ ಕಡ್ಡಿ ಇಲ್ಲದ್ದಕ್ಕೆ ದಾರ ಕಟ್ಟಿ, ಕಿವಿಗೆ ಸುತ್ತಿಕೊಂಡು ವಾಚನಾಲಯಕ್ಕೆ ಬರತೊಡಗಿದ. ಅವನ ಸ್ವಂತದ ಓದು ಎರಡನೇ ಇಯತ್ತೆಯ ಮಧ್ಯದಲ್ಲಿ ನಿಂತಿತ್ತು. "ಉಗುಳಬಾರದು" ಎಂಬುದನ್ನು ನಿರಾಯಾಸವಾಗಿ ಓದುತ್ತಿದ್ದ. ಒತ್ತಕ್ಷರ ಬಂದಲ್ಲಿ ಎತ್ತು ಹಳ್ಳದ ಮುಂದೆ ನಿಂತ ಹಾಗೆ ನಿಲ್ಲುತ್ತಿದ್ದ.

ಓದುಗ ಅನ್ನಿಸಿಕೊಂಡ ಮೇಲೆ ಅಭಿಪ್ರಾಯ ಹೇಳದಿದ್ದರೆ ನಡೆಯುತ್ತದೆಯೇ?

"ಈಗಿನ ಪತ್ತೇದಾರಿ ಪುಸ್ತಕದಾಗ ಒಂದು ದೊಡ್ಡ ದೋಷ ಐತಿ ನೋಡ್ರಿ" ಎಂದ ಒಂದು ದಿನ ವಾಚನಾಲಯದ ಕಟ್ಟೆಯ ಮೇಲೆ. "ಆ ಕೆಂಪು ಸೀರಿ ಪುಸ್ತಕದಾಗ ಸಾಹುಕಾರ ಮೂರ್ಛಿ ಬಿದ್ದಾನ. ಮೊದಲ ಮೂಗಿಗೆ ಉಳ್ಳಾಗಡ್ಡಿ ಹಿಡೀಬೇಕೋ ಬ್ಯಾಡೋ? ಆ ಪತ್ತೇದಾರ ಅದನ್ನ ಬಿಟ್ಟು ಭೂತಗನ್ನಡಿ ಹಿಡಕೊಂಡು ನೆಲಾ ನೋಡಿಕೋತ ಅಡ್ಡಾಡ್ತಾನ. ಕರುಳ ಇಲ್ಲೇನ್ರಿ ಅವಗ?"

ನಿಯಾಜ ತಲೆ ಎತ್ತಿದ. "ಮೂರ್ಛಿ ಎಲ್ಲೈತ್ರಿ? ಸಾಹುಕಾರ ಸತ್ತಾನಲ್ಲ."

"ಸತ್ತಾನ? ಯಾರು ಹೇಳಿದ್ರು?"

"ಪುಸ್ತಕದಾಗ ಬರದಾರ."

ಬಸವಣ್ಣೆಪ್ಪ ಕನ್ನಡಕದ ಮೇಲಿಂದ ಅವನನ್ನು ನೋಡಿ, ನಕ್ಕು, "ಇನ್ನೊಮ್ಮೆ ಸಾವಕಾಶ ಓದು ನಿಯಾಜ" ಎಂದ. ಅವನಿಗೆ ಸಂಶಯವೇ ಇರಲಿಲ್ಲ. ಮುಂದಿನ ಅಧ್ಯಾಯದಲ್ಲಿ ಸಾಹುಕಾರ ಎದ್ದು ಕುಳಿತು ಗಂಜಿ ಕುಡಿದದ್ದನ್ನು ಅವನು ಸ್ವಂತ ಕಿವಿಯಿಂದ ಕೇಳಿದ್ದ.

ನಿಯಾಜ ಸಾವಕಾಶ ಓದಿದ. ಸಾಹುಕಾರ ಸತ್ತೇ ಇದ್ದ. ಆದರೂ ಅಷ್ಟು ಗಟ್ಟಿಯಾಗಿ ಹೇಳಿದ್ದಾನೆಂದರೆ ಏನೋ ಇರಬೇಕೆಂದು ಇನ್ನೊಮ್ಮೆ ಓದಿದ. ಊರಿನ ಉಳಿದ ಓದುಗರೂ ಓದಿದರು. ಹೆಣ ಒಂದು ಕಡೆ "ನಸುನಕ್ಕಂತೆ ಕಾಣುತ್ತಿತ್ತು" ಎಂದು ಬರೆದದ್ದು ಸಿಕ್ಕಿತು. ಅಷ್ಟು ಸಾಕಾಯಿತು. "ಬಸವಣ್ಣೆಪ್ಪನ ಓದು ಬ್ಯಾರೆ ಬಿಡ್ರಿ. ನಾವು ಅಕ್ಷರ ಓದತೀವಿ, ಅಂವ ಒಳಗಿಂದು ಓದತಾನ" ಎಂಬ ಸುದ್ದಿ ಬಜಾರದಲ್ಲಿ ಹಬ್ಬಿತು.

ಬೆಕ್ಕಿನ ಪುಸ್ತಕ ಬಂದಾಗಲಂತೂ ಕಟ್ಟೆಯ ಮೇಲೆ ಕೂಡಲು ಜಾಗ ಇರಲಿಲ್ಲ. ಪಾಳುಬಂಗಲೆಯ ದೆವ್ವ ಕಾವಲುಗಾರನ ಕತ್ತು ಹಿಚುಕುವ ಕಥೆ ಅದು.

"ದೆವ್ವ ಅಂದ್ರ ಹಸದ ಜೀವ, ಬ್ಯಾರೆ ಏನಲ್ಲ" ಎಂದ ಬಸವಣ್ಣೆಪ್ಪ. "ಕಾವಲುಗಾರ ರೊಟ್ಟಿ ಝುಣಕಾ ಕೊಟ್ಟ ಮ್ಯಾಲೆ ಹೆಂಗ ತೆಪ್ಪಗ ಹೋತು ನೋಡ್ರಿ."

ಟಾಂಗಾದ ಖಲಂದರನಿಗೆ ಓದು ಬಾರದು. ಆದರೆ ನಿಯಾಜನ ಬಾಯಿಂದ ಕಥೆ ಕೇಳಿದ್ದ. "ಏ ಕಾಕಾ, ರೊಟ್ಟಿ ಎಲ್ಲಿಂದ ಬಂತೋ? ಕುತಿಗಿ ಹಿಚಕಿತಲ್ಲ!"

"ಮೊದಲ ಹಿಚಕ್ತು. ಆಮ್ಯಾಲೆ ಹಸಿವಿ ಆತು."

"ಬೆಂಗಳೂರ ಬಂಗ್ಲೆದಾಗ ಝುಣಕಾ ಮಾಡ್ತಾರೇನು?"

"ಅದ ನಾನೂ ವಿಚಾರ ಮಾಡೇನಿ. ಇದನ್ನ ಬರದಾಂವ ನಮ್ಮ ಕಡಿಯಂವ ಇರಬೇಕು. ಮೊದಮೊದಲ ಚಂದ್ರ, ಚಳಿಗಾಳಿ, ಗೋಡಿ ಗಡಿಯಾರ ಅಂತ ಪ್ಯಾಟಿ ಮಾತಿನಾಗ ಬರೀತಾನ. ಪ್ರಸಂಗ ಬಿಗಿ ಆತು ಅಂದ್ರ ತಂತಾನ ನಮ್ಮ ಮಾತು ಬರ್ತಾವ."

ಕಂಬಕ್ಕೆ ಒರಗಿ ಕುಳಿತಿದ್ದ ಅಧ್ಯಕ್ಷ ಶಿದ್ಲಿಂಗಪ್ಪ ಇದನ್ನೆಲ್ಲ ಕೇಳಿ ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡು ಎದ್ದು ಹೋದ.

ಆಮೇಲೆ ಒಂದು ವಾರದಲ್ಲಿ ಶಿದ್ಲಿಂಗಪ್ಪ ಸಾರಿದ. ಈ ಕೊಲೆ ಪುಸ್ತಕಗಳಿಂದ ಊರಿನ ನೀತಿ ಕೆಡುತ್ತಿದೆ. ಟ್ರಂಕನ್ನು ಹಾಗೆಯೇ ಕಿರಾಣಿ ಅಂಗಡಿಗೆ ತೂಕಕ್ಕೆ ಹಾಕಿ, ಬಂದದ್ದರಲ್ಲಿ ದೇವರ ಪಟ ತರಿಸತಕ್ಕದ್ದು. ಧಾರವಾಡದಿಂದ ಸಮಾಜ ಶಿಕ್ಷಣದ ಸಾಹೇಬರು ಬಂದು ಸಭೆ ನಡೆಸಿ ತೀರ್ಮಾನ ಕೊಡುವರು. ಪುಸ್ತಕಗಳ ಪರವಾಗಿ ಮಾತಾಡುವವರಿದ್ದರೆ ಒಬ್ಬರು ಮಾತಾಡಬಹುದು.

ಊರು ಒಟ್ಟಾಗಿ ಬಸವಣ್ಣೆಪ್ಪನ ಕಡೆ ತಿರುಗಿತು.

ಬಸವಣ್ಣೆಪ್ಪ ಅಂಜಿದ. ಅದು ಸಭೆಯ ಅಂಜಿಕೆಯಷ್ಟೇ ಅಲ್ಲ. ಟ್ರಂಕು ಹೋಯಿತೆಂದರೆ ಮಧ್ಯಾಹ್ನ ಹೋಯಿತು. ಮತ್ತೆ ಆ ಪಡಸಾಲೆ, ಮತ್ತೆ "ಕೊಳತದ", ಮತ್ತೆ "ಎಲ್ಲಿ ಕೊಳತದ". ಈಗೀಗ ಹೊನ್ನವ್ವ ಅಡಿಗೆಮನೆಯಿಂದಲೇ, "ಆ ಬಂಗ್ಲೆಯಾಕಿ ಬಾಗಲ ತಗೀಬಾರದಿತ್ತು ಅಲ್ರಿ?" ಎಂದು ಕೂಗುತ್ತಿದ್ದಳು. ಅವನು ಹಿತ್ತಿಲಿನಿಂದ, "ಆಕಿಗೇನು ಗೊತ್ತು ಪಾಪ" ಎನ್ನುತ್ತಿದ್ದ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರಿಬ್ಬರಿಗೂ ಪರಿಚಯದವರು ಅಂತ ಯಾರಾದರೂ ಸಿಕ್ಕಿದ್ದರೆ ಅದು ಪುಸ್ತಕದಲ್ಲಿಯೇ.

ಸಾಹೇಬರು ಯಾವುದಾದರೂ ಒಂದು ಪುಸ್ತಕವನ್ನು ಮಾದರಿಗೆಂದು ಕಳಿಸಿ ಎಂದು ಹೇಳಿದ್ದರು. ಟ್ರಂಕಿನ ತಳದಲ್ಲಿ, ಊರಲ್ಲಿ ಇನ್ನೂ ಯಾರೂ ಓದದ, ಚಾಕು ಹಿಡಿದ ಕೈಯ ಪುಸ್ತಕದ ಎರಡು ಪ್ರತಿ ಇದ್ದವು. ನಿಯಾಜ ಒಂದನ್ನು ಧಾರವಾಡಕ್ಕೆ ಕಳಿಸಿ, ಇನ್ನೊಂದನ್ನು ಬಸವಣ್ಣೆಪ್ಪನಿಗೆ ಕೊಟ್ಟ. "ಚಲೋತ್ನಾಗಿ ಓದಿ ತಯಾರಾಗ್ರಿ. ಊರ ಮರ್ಯಾದಿ ನಿಮ್ಮ ಕನ್ನಡಕದಾಗ ಐತಿ" ಎಂದ.

ಮಧ್ಯಾಹ್ನ ಹೊನ್ನವ್ವ ಎಲೆಯ ರಾಶಿಯ ಮುಂದೆ ಕುಳಿತು, ಪುಸ್ತಕವನ್ನು ಹೆಡಗೆಗೆ ಒರಗಿಸಿ ಓದತೊಡಗಿದಳು. ಪಕ್ಕದ ಮನೆಯ ತಿಪ್ಪವ್ವನೂ ಬಂದು ಕುಳಿತಳು. ತಿಪ್ಪವ್ವನಿಗೆ ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು.

"ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ ಒಂದು ಭವ್ಯವಾದ ಬಂಗಲೆ. ಆರಾಮಕುರ್ಚಿಯಲ್ಲಿ ಯಜಮಾನರು ನಿಶ್ಚೇಷ್ಟಿತರಾಗಿ ಬಿದ್ದಿದ್ದರು. ಪಕ್ಕದಲ್ಲಿ ಅರ್ಧ ಕುಡಿದ ಕಾಫಿ. ಬಾಗಿಲಲ್ಲಿ ಅಡಿಗೆಯವನಾದ..." ಹೊನ್ನವ್ವನಿಗೆ ಕೆಮ್ಮು ಬಂತು.

"ನೀರ ಕುಡಿ" ಎಂದ ಬಸವಣ್ಣೆಪ್ಪ.

"ಅಡಿಗೆಯವನಾದ ಗೋಪಾಳಿ ನಿಂತಿದ್ದ" ಎಂದಳು ಹೊನ್ನವ್ವ.

ಆ ದಿನದಿಂದ ಅಡಿಗೆಯವನು ಬಂದಾಗಲೆಲ್ಲ ಹೊನ್ನವ್ವನಿಗೆ ಕೆಮ್ಮು ಬರುತ್ತಿತ್ತು. ಪುಸ್ತಕ ಅಷ್ಟು ಭಯಂಕರವಾಗಿದೆ ಎಂದುಕೊಂಡ ಬಸವಣ್ಣೆಪ್ಪ. ಒಂದು ಚೊಂಬು ನೀರನ್ನು ಹತ್ತಿರವೇ ಇಟ್ಟುಕೊಂಡ. ಕಥೆ ಮುಂದುವರಿಯಿತು. ಯಜಮಾನರನ್ನು ಮೂರ್ಛೆಯಲ್ಲಿಯೇ ದವಾಖಾನೆಗೆ ಒಯ್ದರು. ಡಾಕ್ಟರರು ಮೈ ತೊಳೆಸಿ ಬಿಸಿನೀರು ಕುಡಿಸಿದರು. ಪತ್ತೇದಾರ ಉರಿಬಿಸಿಲಲ್ಲಿ ಕರೀ ಕೋಟು ಹಾಕಿಕೊಂಡು ಎಲ್ಲರನ್ನೂ ಕೇಳಿದ. ಕಡೆಗೆ ಸಿಕ್ಕದ್ದು ಅಡಿಗೆಯ ಗೋಪಾಳಿಯೇ. ಅವನ ಹೊಲವನ್ನು ಯಜಮಾನ ಮೋಸದಿಂದ ಬರೆಸಿಕೊಂಡಿದ್ದ, ಆ ಸಿಟ್ಟಿಗೆ ಕಾಫಿಯಲ್ಲಿ ಔಷಧ ಕಲಸಿದ್ದ. ಕೋರ್ಟಿನಲ್ಲಿ ಗೋಪಾಳಿ ಅತ್ತ. ಯಜಮಾನನೂ ಎದ್ದು ಬಂದು, ತಪ್ಪು ನನ್ನದೂ ಐತಿ ಎಂದು ಅತ್ತ. ನ್ಯಾಯಾಧೀಶರು ಕಣ್ಣೊರೆಸಿಕೊಂಡು, "ಹೋಗಪಾ, ನಿನ್ನ ಊರಾಗ ಮಂದಿಗೆ ನೀರಿಲ್ಲ, ಒಂದು ಬಾವಿ ತೋಡಿ ಕೊಡು. ಅದ ನಿನಗ ಶಿಕ್ಷಾ" ಎಂದರು. ಗೋಪಾಳಿ ತೋಡಿದ. ಸಿಹಿನೀರು ಬಿತ್ತು. ಮುಗಿಯಿತು.

"ಆಹಾ!" ಎಂದ ಬಸವಣ್ಣೆಪ್ಪ. "ಇಂಥಾ ಪುಸ್ತಕ ಕಿರಾಣಿ ಅಂಗಡಿಗೆ ಹೋಗಬೇಕಾ? ಬರದವನ ಕೈಗೆ ಬಂಗಾರದ ಕಡಗ ಹಾಕಬೇಕು."

"ಅಂವಗ ಯಾಕ?" ಎಂದಳು ತಿಪ್ಪವ್ವ, ಪುಸ್ತಕದ ಕಡೆ ಅಲ್ಲ, ಹೊನ್ನವ್ವನ ಕಡೆ ನೋಡುತ್ತ. ಹೊನ್ನವ್ವ ಎಲೆ ಒರೆಸುತ್ತಿದ್ದಳು.

ಸಾಹೇಬರು ಹುಬ್ಬಳ್ಳಿಯಿಂದ ಬರುವ ಗಾಡಿಯಲ್ಲಿ ಯಲವಿಗಿಗೆ ಇಳಿದರು. ಹಳೇ ಮೈಸೂರಿನ ಕಡೆಯವರು, ನಯದ ಮಾತಿನವರು. ಖಲಂದರನ ಟಾಂಗಾದಲ್ಲಿ ಕುಳಿತವರು ಪುಸ್ತಕದಿಂದ ಕಣ್ಣೆತ್ತಲಿಲ್ಲ. ಮುಗಿಯಲು ನಾಲ್ಕು ಹಾಳೆ ಬಾಕಿ ಇದ್ದವೆಂದು ಸವಣೂರಿನ ಹೊರಗೆ ಟಾಂಗಾ ನಿಲ್ಲಿಸಿ, ಬೇವಿನ ನೆರಳಲ್ಲಿ ಓದಿ ಮುಗಿಸಿ, ಆಮೇಲೆ ಊರೊಳಗೆ ಬಂದರು. ಇಳಿಯುವಾಗ ಅವರ ಮುಖ ಬಾಡಿತ್ತು ಎಂದು ಖಲಂದರ ಎಲ್ಲರಿಗೂ ಹೇಳಿದ.

ವಾಚನಾಲಯ ತುಂಬಿತು. ಹೊರಗೆ ಕಿಟಕಿಗೆ ಜನ. ಶಿದ್ಲಿಂಗಪ್ಪ ಮೊದಲು ಮಾತಾಡಿ, ಇಂಥ ಪುಸ್ತಕ ಓದಿದವರಿಗೆ ಊಟ ಸೇರುವುದಿಲ್ಲ, ಕಣ್ಣು ಮುಚ್ಚಿದರೆ ನಿದ್ದೆ ಹತ್ತುವುದಿಲ್ಲ, ಒಬ್ಬರೇ ಎಲ್ಲಿಗೂ ಹೋಗುವ ಧೈರ್ಯ ಉಳಿಯುವುದಿಲ್ಲ ಎಂದು ಬಹಳ ವಿವರವಾಗಿ, ಅನುಭವ ಇದ್ದವರ ಹಾಗೆ ಹೇಳಿದ. ಆಮೇಲೆ, "ಪುಸ್ತಕದ ಪರವಾಗಿ ನಮ್ಮೂರ ಎಲಿ ವ್ಯಾಪಾರಸ್ಥರು ಮಾತಾಡ್ತಾರ" ಎಂದು ಕೈ ತೋರಿಸಿದ.

ಬಸವಣ್ಣೆಪ್ಪ ಕಿವಿಗೆ ದಾರ ಸುತ್ತಿಕೊಂಡು ಎದ್ದ.

"ಸಾಹೇಬ್ರ, ದೋಷ ಇಲ್ಲಂತ ನಾ ಹೇಳೂದಿಲ್ರಿ. ಈ ಪುಸ್ತಕದಾಗ ಯಾವ ಗಡಿಯಾರ ನೋಡಿದ್ರೂ ಹನ್ನೆರಡ ಹೊಡೀತೈತಿ. ಪತ್ತೇದಾರಗ ಸೆಕಿ ಆಗೂದಿಲ್ಲ, ಹೊಟ್ಟಿ ಹಸಿಯೂದಿಲ್ಲ. ದೆವ್ವಗಳೆಲ್ಲಾ ಬಂಗ್ಲೆದಾಗ ಇರ್ತಾವ, ನಮ್ಮಂಥಾ ಮಣ್ಣಿನ ಮನಿ ಅವಕ್ಕ ಸಾಲೂದಿಲ್ಲ. ಇರ್ಲಿ. ಆದ್ರ ಅಂತಃಕರಣ ಎಂಥಾದ್ರಿ! ಟ್ರಂಕಿನ್ಯಾಗ ಇರೂ ಅಷ್ಟೂ ಪುಸ್ತಕದಾಗ ಒಬ್ಬರರ ಸತ್ತಾರೇನ್ರಿ? ಒಬ್ಬರೂ ಸತ್ತಿಲ್ಲ! ಮೂರ್ಛಿ ಬೀಳ್ತಾರ, ಏಳ್ತಾರ. ಈ ಚಾಕು ಪುಸ್ತಕಾನ ನೋಡ್ರಿ. ಗೋಪಾಳಿಗೆ ಜಡ್ಜ್ ಸಾಹೇಬ್ರು ಬಾವಿ ತೋಡೂ ಶಿಕ್ಷಾ ಕೊಟ್ಟಾಗ ನನ್ನ ಕಣ್ಣಾಗ ನೀರು ಬಂತ್ರಿ."

ಸಾಹೇಬರು ಕುರ್ಚಿಯಲ್ಲಿ ಮುಂದೆ ಬಾಗಿದರು.

"ಯಾವ ಗೋಪಾಳಿ?"

"ಅಡಿಗಿಯಂವ್ರಿ."

"ಅಡಿಗೆಯವನ ಹೆಸರು ಗೋಪಾಳಿ ಅಲ್ಲ. ಯಜಮಾನ ಮೊದಲನೇ ಪುಟದಲ್ಲೇ ಸತ್ತುಹೋಗಿದಾನೆ. ಬಾವಿ ಗೀವಿ ಏನೂ ಇಲ್ಲ. ಕೊಲೆಗಾರನನ್ನ ಕೊನೇ ಪುಟದಲ್ಲಿ ಗಲ್ಲಿಗೆ ಹಾಕ್ತಾರೆ." ಸಾಹೇಬರು ಪುಸ್ತಕವನ್ನು ತೆರೆದು ಎತ್ತಿ ಹಿಡಿದರು. "ಈಗ್ತಾನೆ ಓದಿ ಬಂದಿದೀನಿ. ಕೊಲೆ ಮಾಡಿದೋನು ಬಸವಣ್ಣೆಪ್ಪ."

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು.

"ನಾನ?" ಎಂದ ಬಸವಣ್ಣೆಪ್ಪ. "ಸಾಹೇಬ್ರ, ನಾ ಬೆಂಗಳೂರ ನೋಡೇ ಇಲ್ರಿ!"

"ನಿಮ್ಮನ್ನ ಯಾರು ಅಂದ್ರು?"

"ನೀವ ಅಂದ್ರೆಲ್ಲ. ನನಗ ಕಾಫಿ ಕಾಸಾಕ ಸುದ್ದಾ ಬರೂದಿಲ್ಲ. ಬೇಕಾದ್ರ ನಮ್ಮ ಮನಿಯಾಕಿನ್ನ ಕೇಳ್ರಿ."

ಕಿಟಕಿಯಿಂದ ಖಲಂದರ, "ಇವರ ಹೆಸರ ಬಸವಣ್ಣೆಪ್ಪ ಐತ್ರಿ ಸಾಹೇಬ್ರ!" ಎಂದು ಕೂಗಿದ. ಹಿಂದಿನವರಿಗೆ ಪೂರ್ತಿ ಕೇಳಲಿಲ್ಲ. ಕೇಳಿದಷ್ಟನ್ನು ಅವರು ಹೊರಗೆ ಒಯ್ದರು. ಬಸವಣ್ಣೆಪ್ಪ ಬೆಂಗಳೂರಿನಲ್ಲಿ ಯಾರಿಗೋ ವಿಷ ಹಾಕಿದ್ದಾನೆ, ಹಿಡಿಯಲು ಸಾಹೇಬ ಬಂದಿದ್ದಾನೆ ಎಂಬ ಸುದ್ದಿ ಬಜಾರ ಮುಟ್ಟುವ ಹೊತ್ತಿಗೆ ಸತ್ತವರ ಸಂಖ್ಯೆ ಹೆಚ್ಚಾಗಿತ್ತು. ಬೆಳಿಗ್ಗೆ ಅವನಿಂದ ಎಲೆ ಕೊಂಡಿದ್ದ ಒಬ್ಬರು ಬಾಯೊಳಗಿನ ಎಲೆಯನ್ನು ಉಗುಳಿ ನೀರು ಮುಕ್ಕಳಿಸಿದರಂತೆ.

ಶಿದ್ಲಿಂಗಪ್ಪ ಎದ್ದು ನಿಂತ. "ಇವರು ಪುಸ್ತಕಾ ಓದೇ ಇಲ್ರಿ! ಓದಿದ್ರ ತಮ್ಮ ಹೆಸರು ತಮಗ ಕಾಣತಿದ್ದಿಲ್ಲೇನು? ಎಲ್ಲಾ ಡೌಲು. ಎಲ್ಲಿ, ಕಡೀ ಹಾಳಿ ಓದಿ ತೋರಸ್ರಿ."

ನಿಯಾಜ ಪುಸ್ತಕ ಕೊಟ್ಟ. ಬಸವಣ್ಣೆಪ್ಪ ಹಿಡಿದುಕೊಂಡ. ಕಡೆಯ ಹಾಳೆ ಒತ್ತಕ್ಷರದಿಂದಲೇ ಶುರುವಾಗಿತ್ತು. ದಾರ ಕಿವಿಯಿಂದ ಜಾರಿ ಕನ್ನಡಕ ಮೂಗಿನ ಮೇಲೆ ಜೋಲಿತು. ಎಷ್ಟೋ ಹೊತ್ತು ನೋಡಿ ಅವನು ತಲೆ ಎತ್ತಿ, ಗೋಡೆಯ ಕಡೆ ಕಣ್ಣು ಹಾಯಿಸಿ, "ಅದೊಂದು ಓದಾಕ ಬರ್ತೈತ್ರಿ. ಉಗುಳಬಾರದು" ಎಂದ.

ಯಾರೋ ಕಿಸಕ್ಕನೆ ನಕ್ಕರು. ನಿಯಾಜ ನಗಲಿಲ್ಲ.

"ನಮ್ಮ ಮನಿಯಾಕಿ ಓದತಾಳ್ರಿ" ಎಂದ ಬಸವಣ್ಣೆಪ್ಪ ಸಣ್ಣ ದನಿಯಲ್ಲಿ. "ನಾ ಕೇಳಾಂವ. ಆದ್ರ ಆಕಿ ಸುಳ್ಳ ಓದಾಕಿ ಅಲ್ರಿ. ನಿಮ್ಮ ಪುಸ್ತಕದಾಗನ ಏನರ ಫರಕ ಇರಬೇಕು."

ಇದು ಸಾಹೇಬರಿಗೆ ಕುತೂಹಲ ಹುಟ್ಟಿಸಿತು. ಎರಡು ಪ್ರತಿಗಳನ್ನೂ ತರಿಸಿ ಮುಂದಿಟ್ಟುಕೊಂಡರು. ಅಕ್ಷರ ಅಕ್ಷರ ಒಂದೇ. ಒಂದಕ್ಕೆ ಎಲೆಯ ವಾಸನೆ, ಇನ್ನೊಂದಕ್ಕೆ ರೈಲಿನದು. ಹಾಗಾದರೆ ಬಾವಿ ಎಲ್ಲಿಂದ ಬಂತು? ಯಜಮಾನ ಹೇಗೆ ಎದ್ದ? "ಆ ತಾಯಿಯನ್ನೇ ಕೇಳೋಣ, ಕರೆಸಿ" ಎಂದರು.

"ಎಲಿ ಬಿಟ್ಟು ಬರೂದಿಲ್ರಿ. ಸಂಜಿ ಗಾಡಿಗೆ ಹೆಡಗಿ ಹೋಗಬೇಕು."

ಹಾಗಾಗಿ ಸಭೆಯೇ ಎದ್ದು ಹೊರಟಿತು. ಮುಂದೆ ಸಾಹೇಬರು, ಹಿಂದೆ ಶಿದ್ಲಿಂಗಪ್ಪ, ನಿಯಾಜ, ಅವರ ಹಿಂದೆ ಊರು. ಬಜಾರದವರು ಅಂಗಡಿ ಬಿಟ್ಟು ಇಳಿದು ನೋಡಿದರು. ಬಸವಣ್ಣೆಪ್ಪನನ್ನು ಹಗ್ಗ ಕಟ್ಟಿ ಒಯ್ಯುತ್ತಿಲ್ಲವೆಂದು ಕೆಲವರಿಗೆ ಬೇಸರವೂ ಆಯಿತು.

ಹೊನ್ನವ್ವ ಪಡಸಾಲೆಯಲ್ಲಿ ಎಲೆಯ ನಡುವೆ ಕುಳಿತಿದ್ದಳು. ಜೊತೆಗೆ ತಿಪ್ಪವ್ವ. ಮಂದಿಯನ್ನು ಕಂಡು ಹೊನ್ನವ್ವ ಸೆರಗು ಮುಂದೆಳೆದುಕೊಂಡಳು, ತಿಪ್ಪವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಸಾಹೇಬರು ಗೋಣಿತಟ್ಟಿನ ಮೇಲೆ ಕುಳಿತು ಮೆಲ್ಲಗೆ ಕೇಳಿದರು.

"ಅಮ್ಮಾ, ಈ ಪುಸ್ತಕ ಓದಿದ್ದು ನೀವೇನಾ?"

ಹೊನ್ನವ್ವ ಹೌದೆಂದು ಗೋಣು ಹಾಕಿದಳು.

"ಕಾಫಿಗೆ ವಿಷ ಹಾಕಿದೋರು ಯಾರು?"

"ಅಡಿಗಿಯಂವ್ರಿ."

"ಅವನ ಹೆಸರೇನು?"

ಹೊನ್ನವ್ವ ಇನ್ನೊಂದು ಎಲೆ ಎತ್ತಿಕೊಂಡಳು. ಸಾಹೇಬರು ಮತ್ತೆ ಕೇಳಿದರು. ಕಡೆಯ ಹಾಳೆ ತೆರೆದು ಬೆರಳಿಟ್ಟು, "ಇದೇನು ಬರೆದಿದೆ ಓದಿ" ಎಂದರು. ಹೊನ್ನವ್ವನಿಗೆ ಕೆಮ್ಮು ಬಂತು. ಬಸವಣ್ಣೆಪ್ಪ ಚೊಂಬು ಹುಡುಕಿದ.

"ಸಾಹೇಬ್ರ" ಎಂದಳು ತಿಪ್ಪವ್ವ, "ನಿಮ್ಮದು ಮದುವಿ ಆಗೇತೇನ್ರಿ?"

"ಆಗಿದೆ. ಯಾಕೆ?"

"ನಿಮ್ಮ ಮನಿಯವ್ರು ನಿಮ್ಮನ್ನ ಹೆಸರು ಹಿಡದು ಕರೀತಾರೇನು?"

"ಛೆ ಛೆ!"

"ಮತ್ತ ಈಕಿಗ್ಯಾಕ ಬೆರಳು ಇಟ್ಟು ಕೇಳಾಕತ್ತೀರಿ? ಆ ಪುಸ್ತಕ ಬರದಾಂವಗ ಊರಾಗ ಬ್ಯಾರೆ ಹೆಸರು ಸಿಗಲಿಲ್ಲೇನು? ಹಾಳಿ ಹಾಳಿಗೂ ಗಂಡನ ಹೆಸರು. ಓದಾಕಿ ಏನ ಮಾಡಬೇಕು? ಕೆಮ್ಮಿ ಕೆಮ್ಮಿ ಗಂಟಲ ಹರದೈತಿ. ಗೋಪಾಳಿ ಅಂತ ಒಬ್ಬನ್ನ ಹುಟ್ಟಿಸಿ ಪಾರಾಗ್ಯಾಳ."

ಹೊರಗೆ ನಿಂತಿದ್ದ ಹೆಂಗಸರೆಲ್ಲ ಒಮ್ಮೆಗೇ "ಹೌದ ಹೌದು" ಎಂದರು. ಊರಿನ ಗಂಡಸರು ಇಷ್ಟು ದೂರ ನಡೆದು ಬಂದು ಪತ್ತೆ ಮಾಡಿದ್ದು ಅವರಿಗೆ ಬಾಗಿಲಲ್ಲಿ ನಿಂತಾಗಲೇ ಗೊತ್ತಾಗಿತ್ತು.

"ಹೆಸರಿನ ಮಾತು ಆತು" ಎಂದ ಶಿದ್ಲಿಂಗಪ್ಪ. "ಸತ್ತವರನ್ನ ಎಬ್ಬಿಸಿದ್ಯಾಕ? ಒಂದು ಪುಸ್ತಕ ಅಲ್ರಿ, ಟ್ರಂಕಿಗೆ ಟ್ರಂಕು ಎಬ್ಬಿಸ್ಯಾಳ!"

ಆಗ ಹೊನ್ನವ್ವ ಮೊದಲ ಬಾರಿಗೆ ತಾನಾಗಿ ಮಾತಾಡಿದಳು. ಮಾತು ಎಲೆಯ ರಾಶಿಗೆ ಹೇಳಿದ ಹಾಗಿತ್ತು.

"ಈ ಎಲಿ ಮದುವಿಗೆ ಹೋಗ್ತಾವ್ರಿ. ನಿಶ್ಚಯಕ್ಕ ಹೋಗ್ತಾವ, ತೊಟ್ಟಲಕ್ಕ ಹೋಗ್ತಾವ. ಇವುಗಳ ಮುಂದ ಕುಂತು ಸತ್ತ, ಕೊಂದ, ಹೆಣಾ ಅಂತ ಹೆಂಗ ಓದ್ಲಿರಿ? ನಾಳೆ ಆ ಮದುಮಕ್ಕಳು ಇದನ್ನ ಬಾಯಾಗ ಇಟ್ಕೋಬೇಕು. ಅದಕ್ಕ ಎಬ್ಬಿಸಿದ್ನಿ. ಎಬ್ಬಿಸಿದ ಮ್ಯಾಲೆ ಹಂಗ ಬಿಡಾಕ ಬರ್ತೈತೇನು? ಗಂಜಿ ಕುಡಿಸಬೇಕಾತು. ಮುಂದಿನ ದಾರಿ ತೋರಿಸಬೇಕಾತು."

ಸಾಹೇಬರು ಒಂದು ಎಲೆಯನ್ನು ಎತ್ತಿ, ಹಿಂದೆ ಮುಂದೆ ನೋಡಿ, ಇದ್ದಲ್ಲೇ ಇಟ್ಟರು.

ಶಿದ್ಲಿಂಗಪ್ಪ ಮಾತ್ರ ಬಿಡುವವನಲ್ಲ. "ಅದೆಲ್ಲಾ ಖರೇ. ಆದ್ರ ಸಾಹೇಬ್ರ ಮುಂದ ಸಾಕ್ಷಿ ಆಗಬೇಕಲ್ಲ? ಪುಸ್ತಕದಾಗ ಇರೂ ಹೆಸರು ಆಕಿ ಬಾಯಿಲೆ ಬರಲಿ. ಅಲ್ಲೀಮಟ ಇದು ತಿಪ್ಪವ್ವನ ಕಥಿ."

"ಒಡಪು ಹಾಕಿ ಹೇಳ ನಮ್ಮವ್ವ" ಎಂದಳು ತಿಪ್ಪವ್ವ. "ಮದುವ್ಯಾಗ ಮಂದಿ ಬಾಗಲ ಅಡ್ಡಗಟ್ಟಿ ಕೇಳಿದಾಗ ಹೇಳಿದ್ದಿಲ್ಲೇನು? ಹಂಗ ಹೇಳು. ಒಡಪಿನ್ಯಾಗ ಗಂಡನ ಹೆಸರು ಹೇಳಿದ್ರ ಅಡ್ಡಿ ಇಲ್ಲ."

ಹೊನ್ನವ್ವ ಒಂದು ಎಲೆ ತೆಗೆದುಕೊಂಡು ಸೆರಗಿನಿಂದ ಒರೆಸಿದಳು. ಒರೆಸುತ್ತ ಒರೆಸುತ್ತ ತುಟಿ ಅಲುಗಿದವು. ಆಮೇಲೆ, ಮದುವಣಗಿತ್ತಿ ಹೇಳಿದ ಹಾಗೆ ನೆಲ ನೋಡುತ್ತ, ಆದರೆ ಬಾಗಿಲ ಹೊರಗಿನವರಿಗೂ ಕೇಳುವಂತೆ ಹೇಳಿದಳು:

"ಹಸರೆಲಿಗಿ ಸುಣ್ಣ ಹಚ್ಚಿ ಮಡಚಿ ಇಟ್ಟೇನಿ ತೆಪ್ಪಗ,
ಸಾಹೇಬ್ರ ಕೈ ಮುಗೀತೇನಿ, ಗಲ್ಲು ಬ್ಯಾಡ್ರಿ ಬಸವಣ್ಣೆಪ್ಪಗ."

ಓಣಿಯಲ್ಲಿ ನಗು, ಚಪ್ಪಾಳೆ, ಸಿಳ್ಳು ಒಟ್ಟಿಗೇ ಎದ್ದವು. ಖಲಂದರ ಟಾಂಗಾದ ಚಾಬೂಕು ಗಾಳಿಯಲ್ಲಿ ಬಾರಿಸಿದ. ಬಜಾರದಿಂದ ತಡವಾಗಿ ಬಂದವರಿಗೆ, ಬಸವಣ್ಣೆಪ್ಪನ ಗಲ್ಲು ರದ್ದಾಯಿತೆಂದು ಯಾರೋ ತಿಳಿಸಿದರು.

ಸಾಹೇಬರು ನಕ್ಕು ಕಣ್ಣೊರೆಸಿಕೊಂಡರು. ಕಡೆಗೆ, ಅಧಿಕಾರದ ದನಿ ಬಿಟ್ಟು, "ಅದಿರಲಿ ಅಮ್ಮಾ, ಆ ಬಾವೀಲಿ ನೀರು ಎಲ್ಲಿ ಸಿಕ್ತು? ಬೇವಿನ ಮರದ ಕೆಳಗೆ ಕೂತು ಆ ಗಲ್ಲಿನ ಪುಟ ಓದಿದಾಗಿಂದ ಮನಸ್ಸೇ ಸರಿಯಿಲ್ಲ. ಸ್ವಲ್ಪ ಹೇಳಿ" ಎಂದರು. ಹೊನ್ನವ್ವ ಹೇಳಿದಳು. ನಿಯಾಜ ಕೆಂಪು ಸೀರೆಯ ಸಾಹುಕಾರನ ವಿಷಯ ಕೇಳಿದ. ಅದನ್ನೂ ಹೇಳಿದಳು. ಖಲಂದರ ಬಾಗಿಲಿಂದ, "ಸಾಹೇಬ್ರ, ಗಾಡಿ ತಪ್ಪತೈತ್ರಿ" ಎಂದು ಕೂಗಿದ. ಸಾಹೇಬರು ಕೇಳಿಸಿಕೊಳ್ಳಲಿಲ್ಲ.

ಎಲ್ಲರ ಪ್ರಶ್ನೆ ಮುಗಿದ ಮೇಲೆ ಶಿದ್ಲಿಂಗಪ್ಪ ಗಂಟಲು ಸರಿ ಮಾಡಿಕೊಂಡ. ಅತ್ತ ಇತ್ತ ನೋಡಿ, ಸಹಜವಾಗಿ ಕೇಳುವವನ ಹಾಗೆ ಕೇಳಿದ.

"ಆ... ಬೆಕ್ಕಿನ ಪುಸ್ತಕದ ಕಾವಲುಗಾರ. ಹಂಗಾರ ಅಂವ ಸತ್ತಿಲ್ಲ?"

"ಇಲ್ರಿ. ರೊಟ್ಟಿ ಕೊಟ್ಟ, ಅದು ಹೋತು. ಈಗ ಊರಿಗೆ ಹೋಗಿ ಆರಾಮ ಅದಾನ."

"ಅದು ಮತ್ತ ತಿರಗಿ ಬರೂದಿಲ್ಲಲ್ಲ?"

"ಹೊಟ್ಟಿ ತುಂಬೇತ್ರಿ. ಯಾಕ ಬರ್ತೈತಿ?"

ಶಿದ್ಲಿಂಗಪ್ಪ ಉದ್ದಕ್ಕೆ ಉಸಿರು ಬಿಟ್ಟ. ತಿಪ್ಪವ್ವ ಕೈ ಗಲ್ಲಕ್ಕೆ ಹಚ್ಚಿದಳು. "ಅಯ್ಯ ಸಾಹುಕಾರ್ರ! ರಾತ್ರಿ ಹಿತ್ತಲಕ ಹೋಗೂ ಮುಂದ ನಿಮ್ಮ ಮನಿಯಾಕಿ ಸರೋಜವ್ವನ್ನ ಕಂದೀಲ ಹಿಡಿಸಿ ಜೋಡಿ ಕರಕೊಂಡು ಹೋಗ್ತಿದ್ರೆಲ್ಲ, ಇದ ಏನ್ರಿ ಕಾರಣ? ಪಾಪ ಆಕಿ ಮಂದಿ ಮುಂದ ಹೇಳಾಕ ಬರಲಾರದ ಬಡವಾಗ್ಯಾಳ."

ತೀರ್ಮಾನ ಅಲ್ಲೇ ಗೋಣಿತಟ್ಟಿನ ಮೇಲೆ ಆಯಿತು. ಟ್ರಂಕು ವಾಚನಾಲಯದಲ್ಲಿಯೇ ಇರತಕ್ಕದ್ದು. ಬೇಕಾದವರು ಬೇಕಾದ್ದನ್ನು ಓದಬಹುದು. ಓದಿ ಹೆದರಿಕೊಂಡವರು ಮಧ್ಯಾಹ್ನ ಎಲೆ ಆರಿಸುವ ಹೊತ್ತಿಗೆ ಈ ಪಡಸಾಲೆಗೆ ಬಂದು ಉಳಿದದ್ದನ್ನು ಕೇಳಿಕೊಂಡು ಹೋಗಬಹುದು. ಬಂದವರು ಸುಮ್ಮನೆ ಕೂಡಬಾರದು, ಎಲೆ ಒರೆಸಬೇಕು ಎಂದು ಸೇರಿಸಿದವಳು ತಿಪ್ಪವ್ವ. ಶಿದ್ಲಿಂಗಪ್ಪನೂ ಒಪ್ಪಿಕೊಂಡ. ಮರುದಿನ ಎಲ್ಲರಿಗಿಂತ ಮೊದಲು ಬಂದು ಕುಳಿತವನೂ ಅವನೇ. ಎಲೆ ಮಾತ್ರ ಬಹಳ ಒರಟಾಗಿ ಒರೆಸುತ್ತಿದ್ದ.

ಆ ದಿನ ಮಂದಿ ಎಲ್ಲ ಹೋದ ಮೇಲೆ ಇನ್ನೂ ಬಿಸಿಲಿತ್ತು. ಕಟ್ಟದೆ ಉಳಿದ ಎಲೆ ರಾಶಿ ಬಿದ್ದಿತ್ತು. ಇಬ್ಬರೂ ಎದುರು ಬದುರು ಕುಳಿತರು. ಕನ್ನಡಕ ಗೂಟಕ್ಕೆ ನೇತಾಡುತ್ತಿತ್ತು.

"ಖರೇನ ಗಲ್ಲಿಗೆ ಹಾಕ್ಯಾರೇನ ನನ್ನ, ಪುಸ್ತಕದಾಗ?" ಎಂದ ಬಸವಣ್ಣೆಪ್ಪ.

"ಪುಸ್ತಕದಾಗ ಏನರ ಇರ್ಲಿ ಬಿಡ್ರಿ."

"ಚಿತ್ರಾ ಸುದ್ದಾ ಐತೇನು?"

"ಐತಿ."

ಬಸವಣ್ಣೆಪ್ಪ ಒಂದು ಕವಳಿ ಕಟ್ಟಿದ. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದ. ಟ್ರಂಕಿನ ಪುಸ್ತಕಗಳು ಒಂದೊಂದಾಗಿ ಅವನ ಕಣ್ಣ ಮುಂದೆ ಬಂದವು. ಗಂಜಿ ಕುಡಿದ ಸಾಹುಕಾರ, ರೊಟ್ಟಿ ಕೊಟ್ಟ ಕಾವಲುಗಾರ. ಒಬ್ಬೊಬ್ಬರೂ ಪುಸ್ತಕದಲ್ಲಿ ನಿಜವಾಗಿ ಏನಾದರೆಂದು ಅವಳನ್ನು ಕೇಳಿ ತಿಳಿದುಕೊಳ್ಳಬಹುದಿತ್ತು. ಬಾಯಿ ತೆರೆದ.

"ಗೋಪಾಳಿ ಬಾವಿ ತೋಡ್ತಾನಲ್ಲ, ಅದನ್ನ ಇನ್ನೊಮ್ಮೆ ಓದು" ಎಂದ.

ಹೊನ್ನವ್ವ ಪುಸ್ತಕವನ್ನು ಹೆಡಗೆಗೆ ಒರಗಿಸಿ ಕಡೆಯ ಹಾಳೆ ತೆರೆದಳು. ಒಂದು ಬದಿಗೆ ಅಕ್ಷರ, ಇನ್ನೊಂದು ಬದಿಗೆ ಹಗ್ಗದ ಚಿತ್ರ. ಹಗ್ಗದ ಮೇಲೆ ಒಂದು ದೊಡ್ಡ ಎಲೆ ಮುಚ್ಚಿಟ್ಟು, ಸಾಲಿನ ಮೇಲೆ ಬೆರಳಾಡಿಸುತ್ತ ಓದಿದಳು: "ಮಣ್ಣು ಹಸಿ ಆತು. ಮ್ಯಾಲಿಂದ ಮಂದಿ ಇಣಿಕಿ ನೋಡಿದ್ರು. ಇನ್ನೊಂದು ಗುದ್ದಲಿ ಹಾಕ್ದ ನೋಡ್ರಿ, ಬುಳಕ್ಕನ ನೀರು ಬಂತು..."

"ಸಿಹಿನೀರಾ?" ಎಂದ ಬಸವಣ್ಣೆಪ್ಪ.

"ಸಿಹಿನೀರ್ರಿ."

ಅವನು ಚೊಂಬನ್ನು ಹತ್ತಿರ ಎಳೆದುಕೊಂಡು, ಅಂಗೈಯಲ್ಲಿ ನೀರು ತೆಗೆದು, ಬಾಡುತ್ತಿದ್ದ ಎಲೆಗಳ ಮೇಲೆ ಚಿಮುಕಿಸಿದ.